ಕಡಲಿನಿಂದ ಬಂದ ಕಬ್ಬಿಣವನ್ನು ಒಣಗಲು ಬಿಡಬೇಡಿ

ಜುಲೈ 31ರ ನಡುರಾತ್ರಿಗೆ ಟ್ರಾಲಿಂಗ್ ನಿಷೇಧ ಮುಗಿಯುತ್ತದೆ. ಮಂಜೇಶ್ವರ, ಕುಂಬಳೆ, ಕಾಸರಗೋಡು ಕಸಬಾ ಕಡೆಯ ಬೋಟುಗಳು ಮತ್ತೆ ಕಡಲಿಗಿಳಿಯುತ್ತವೆ. ಮಳೆಗಾಲದ ಅಲೆಗೆ ತಳದ ಮರಳು ಅಡಿಮೇಲಾಗಿರುತ್ತದೆ. ಹಾಗಾಗಿ ಆಗಸ್ಟ್ ತಿಂಗಳಲ್ಲಿ ಬಲೆಗೆ ಮೀನಿನ ಜೊತೆ ಬೇರೆ ಏನೇನೋ ಸಿಕ್ಕಿ ಬರುತ್ತದೆ. ಅಂಥದ್ದೇ ಒಂದು ಬೆಳಗ್ಗೆ ನನಗೆ ಫೋನ್ ಬಂತು.

"ಮಾಷ್ಟ್ರೇ, ಬಲೆಗೊಂದು ಕಲ್ಲು ಸಿಕ್ಕಿದೆ. ಕಲ್ಲಿಗಿಂತ ಜಾಸ್ತಿ ಭಾರ ಇದೆ. ಬಿರುಕಿನಿಂದ ಕೆಂಪು ನೀರು ಇಳೀತಾ ಇದೆ. ಸ್ವಲ್ಪ ಬಂದು ನೋಡ್ತೀರಾ?"

"ಬರ್ತೇನೆ ಅಣ್ಣ. ಅದು ಈಗ ಎಲ್ಲಿದೆ? ಬಿಸಿಲಲ್ಲಿ ಇಟ್ಟಿದ್ದೀರಾ?"

"ದೋಣಿಯ ಮೇಲೇ ಇದೆ."

"ಗೋಣಿಚೀಲ ಕಡಲ ನೀರಿನಲ್ಲಿ ಅದ್ದಿ ಅದರ ಮೇಲೆ ಹೊದೆಸಿ. ನಾನು ಬರೋವರೆಗೆ ಒಣಗೋಕೆ ಬಿಡಬೇಡಿ."

ಈ ಲೇಖನದಲ್ಲಿ ಒಂದೇ ಒಂದು ಸಾಲು ನೆನಪಿಡುವುದಿದ್ದರೆ ಆ ಕೊನೆಯ ಮಾತನ್ನು ನೆನಪಿಡಿ. ಉಳಿದದ್ದೆಲ್ಲ ಅದರ ವಿವರ. ನಾನು ಈ ಪಾಠ ಕಲಿತದ್ದು ಒಂದು ವಸ್ತುವನ್ನು ಹಾಳುಮಾಡಿಕೊಂಡು. ಹಲವು ವರ್ಷಗಳ ಹಿಂದೆ ಕಡಲ ದಡದಲ್ಲಿ ಸಿಕ್ಕಿದ ಒಂದು ಕಬ್ಬಿಣದ ಗುಂಡನ್ನು ಮಕ್ಕಳು ನಾನು ಪಾಠ ಮಾಡುತ್ತಿದ್ದ ಶಾಲೆಗೆ ತಂದಿದ್ದರು. ಫಿರಂಗಿ ಗುಂಡು, ತೆಂಗಿನಕಾಯಿಗಿಂತ ಸ್ವಲ್ಪ ಸಣ್ಣದು. ನಾನೇ ಅದನ್ನು ಬ್ರಷ್ಷಿನಿಂದ ಉಜ್ಜಿ, ತೊಳೆದು, ಬಿಸಿಲಿಗೆ ಒಣಗಿಸಿ, ತೆಂಗಿನೆಣ್ಣೆ ಸವರಿ ಗಾಜಿನ ಕಪಾಟಿನಲ್ಲಿಟ್ಟೆ. ಮೊದಲ ಮಳೆಗಾಲದಲ್ಲಿ ಅದರ ಮೈಮೇಲೆ ಕಿತ್ತಳೆ ಬಣ್ಣದ ಸಣ್ಣ ಸಣ್ಣ ಹನಿಗಳು ಮೂಡಿದವು, ಬೆವರಿದ ಹಾಗೆ. ಎರಡನೇ ಮಳೆಗಾಲ ಮುಗಿಯುವಾಗ ಈರುಳ್ಳಿ ಸಿಪ್ಪೆಯಂತೆ ಪದರ ಪದರವಾಗಿ ಬಿಚ್ಚಿಕೊಂಡಿತು. ಕಪಾಟಿನ ಹಲಗೆಯ ಮೇಲೆ ಉಳಿದದ್ದು ಒಂದು ಹಿಡಿ ಕೆಂಪು ಪುಡಿ ಮತ್ತು ನಾಲ್ಕು ಚೂರು. ಎಷ್ಟೋ ಕಾಲ ಕಡಲಿನಲ್ಲಿ ಉಳಿದಿದ್ದ ವಸ್ತು ನನ್ನ ಕೈಯಲ್ಲಿ ಎರಡು ವರ್ಷ ಉಳಿಯಲಿಲ್ಲ.

ಯಾಕೆ ಹೀಗಾಗುತ್ತದೆ

ಒಂದು ಲೀಟರ್ ಸಮುದ್ರ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ಅದರಲ್ಲಿ 19 ಗ್ರಾಂನಷ್ಟು ಬರೀ ಕ್ಲೋರೈಡ್. ಕಬ್ಬಿಣ ನೀರಿನಡಿ ನಿಧಾನವಾಗಿ ತುಕ್ಕು ಹಿಡಿಯುವಾಗ ಈ ಕ್ಲೋರೈಡ್ ತುಕ್ಕಿನ ಜೊತೆ ಒಳಗೆ ಇಳಿದು, ಗಟ್ಟಿ ಲೋಹ ಉಳಿದಿರುವ ಜಾಗದ ಅಂಚಿನವರೆಗೂ ಹೋಗಿ ಕೂರುತ್ತದೆ. ಅಷ್ಟರಲ್ಲಿ ಹೊರಗೆ ಮರಳು, ಚಿಪ್ಪು, ಸುಣ್ಣ, ತುಕ್ಕು ಎಲ್ಲ ಸೇರಿ ಕಲ್ಲಿನಂಥ ಗಡ್ಡೆ ಕಟ್ಟುತ್ತದೆ. ಒಳಗೆ ಗಾಳಿ ಕಡಿಮೆ. ಹಾಗಾಗಿ ವಸ್ತು ಒಂದು ಥರ ನಿದ್ದೆಯಲ್ಲಿರುತ್ತದೆ.

ಮೇಲೆ ತಂದ ತಕ್ಷಣ ಆಮ್ಲಜನಕ ಸಿಗುತ್ತದೆ. ಒಣಗುತ್ತಾ ಬಂದ ಹಾಗೆ ಒಳಗಿನ ಉಪ್ಪು ಗಾಢವಾಗುತ್ತದೆ. ಕಬ್ಬಿಣದ ಕ್ಲೋರೈಡ್ ಗಾಳಿಯ ತೇವ ಹೀರಿ ಆಮ್ಲ ಉಂಟುಮಾಡುತ್ತದೆ, ಆ ಆಮ್ಲ ಉಳಿದ ಲೋಹವನ್ನು ತಿನ್ನುತ್ತದೆ, ಅಲ್ಲಿ ಮತ್ತೆ ಕ್ಲೋರೈಡ್ ಬಿಡುಗಡೆಯಾಗುತ್ತದೆ. ಇದು ನಿಲ್ಲುವುದೇ ಇಲ್ಲ. ಹೊಸ ತುಕ್ಕಿಗೆ ಹಳೆಯ ಲೋಹಕ್ಕಿಂತ ಜಾಸ್ತಿ ಜಾಗ ಬೇಕು, ಆದ್ದರಿಂದ ಒಳಗಿನಿಂದಲೇ ತಳ್ಳಿ ಮೇಲ್ಪದರವನ್ನು ಒಡೆಯುತ್ತದೆ. ನನ್ನ ಗುಂಡಿನ ಮೇಲೆ ಕಂಡ ಕಿತ್ತಳೆ ಹನಿಗಳು ಇದರ ಗುರುತು.

"ಕೊಡಚಾದ್ರಿಯ ಕಬ್ಬಿಣದ ಕಂಬ ಅಷ್ಟು ಮಳೆಯಲ್ಲಿ ನಿಂತೂ ಉಳಿದಿದೆ, ಹಳೇ ಕಾಲದ ಕಬ್ಬಿಣ ಹಾಗೆಲ್ಲ ಹಾಳಾಗಲ್ಲ" ಎಂದು ಹೇಳುವವರಿದ್ದಾರೆ. ಆ ಕಂಬ ಬೆಟ್ಟದ ಮೇಲೆ ಮಳೆನೀರಿನಲ್ಲಿ ನೆಂದದ್ದು. ಅದರ ಹೊಟ್ಟೆಯೊಳಗೆ ಕಡಲಿನ ಉಪ್ಪು ಇಲ್ಲ. ಎರಡನ್ನೂ ಹೋಲಿಸಬಾರದು.

ನಾವು ಮಾಡಬೇಕಾದ ಕೆಲಸ ಎರಡು. ಒಳಗಿನ ಉಪ್ಪನ್ನು ಹೊರಗೆ ತೆಗೆಯುವುದು, ಅದು ಮುಗಿಯುವವರೆಗೆ ಗಾಳಿ ತಾಗದ ಹಾಗೆ ನೋಡಿಕೊಳ್ಳುವುದು.

ದೋಣಿಯಲ್ಲಿ, ದಡದಲ್ಲಿ: ಮೊದಲ ಒಂದು ಗಂಟೆ

ಮೊದಲು ಅಪಾಯ ಇದೆಯಾ ನೋಡಿ. ಸಿಲಿಂಡರಿನಂತೆ ಉದ್ದಗೆ, ಒಂದು ತುದಿ ಚೂಪಾಗಿ ಇದ್ದರೆ, ಹಿಂದೆ ರೆಕ್ಕೆಯಂಥದ್ದು ಇದ್ದರೆ ಅದು ಶೆಲ್ಲೋ ಬಾಂಬೋ ಆಗಿರಬಹುದು. ಮುಟ್ಟಬೇಡಿ, ಅಲುಗಾಡಿಸಬೇಡಿ, ಜನರನ್ನು ದೂರ ಕಳಿಸಿ ಕರಾವಳಿ ಪೊಲೀಸರಿಗೆ ಹೇಳಿ. ಫಿರಂಗಿಯ ನಳಿಗೆಯೊಳಗೂ ಹಳೆಯ ಮದ್ದು ಉಳಿದಿರಬಹುದು. ಅದರ ಬಾಯೊಳಗೆ ಕೋಲು ತೂರಿಸಿ ನೋಡುವ ಕೆಲಸ ಬೇಡ.

ಅಂಥದ್ದೇನೂ ಅಲ್ಲ ಅಂತಾದರೆ ಒದ್ದೆ ಗೋಣಿ ಹೊದೆಸಿ, ಮೇಲೆ ಪ್ಲಾಸ್ಟಿಕ್ ಶೀಟು ಮುಚ್ಚಿ. ಎತ್ತುವಾಗ ಅಡಿಗೆ ಹಲಗೆ ಕೊಡಿ. ಹಿಡಿಕೆಯಂತೆ ಕಾಣುವ ಭಾಗವನ್ನು ಹಿಡಿದು ಎತ್ತಬೇಡಿ, ಅದು ಕೈಯಲ್ಲೇ ಮುರಿಯುತ್ತದೆ. ಬೀಡು ಕಬ್ಬಿಣದ, ಅಂದರೆ ಕರಗಿಸಿ ಅಚ್ಚಿಗೆ ಹೊಯ್ದ ಕಬ್ಬಿಣದ ವಸ್ತುವಾದರೆ ಇನ್ನೂ ಜಾಗ್ರತೆ ಬೇಕು. ಬೀಡಿನಲ್ಲಿರುವ ಕಬ್ಬಿಣ ಕರಗಿ ಹೋಗಿ ಒಳಗಿನ ಗ್ರಾಫೈಟ್ ಮಾತ್ರ ಉಳಿದಿರುತ್ತದೆ. ಆಕಾರ, ಅಕ್ಷರ, ಅಚ್ಚಿನ ಗೆರೆ ಎಲ್ಲ ಹಾಗೇ ಕಾಣುತ್ತದೆ, ಆದರೆ ಪೆನ್ಸಿಲ್ ಕಡ್ಡಿಯಷ್ಟು ಮೆದು. ಉಗುರು ಒತ್ತಿದರೆ ಗೀರು ಬೀಳುತ್ತದೆ. ಇಂಥ ಬೀಡಿನ ಗುಂಡುಗಳು ಗಾಳಿಗೆ ಬಂದಾಗ ವೇಗವಾಗಿ ತುಕ್ಕು ಹಿಡಿದು ಮೈ ಬಿಸಿಯಾಗುವುದೂ ಉಂಟು. ಹಾಗೆ ಬಿಸಿಯಾದರೆ ಕೂಡಲೇ ನೀರಿನಲ್ಲಿ ಮುಳುಗಿಸಿ.

ಅಲ್ಲೇ ನಿಂತು ನಾಲ್ಕು ವಿಷಯ ಬರೆದುಕೊಳ್ಳಿ: ಬೋಟಿನ ಜಿಪಿಎಸ್‌ನಲ್ಲಿ ಜಾಗದ ಸಂಖ್ಯೆ, ಎಷ್ಟು ಮಾರು ಆಳ, ತಳ ಮರಳೋ ಕೆಸರೋ ಬಂಡೆಯೋ, ಜೊತೆಗೆ ಮರ ಅಥವಾ ಹಂಚಿನ ಚೂರು ಏನಾದರೂ ಬಂತಾ. ಅಳತೆಗೆ ಸ್ಕೇಲ್ ಇಟ್ಟು ಎಲ್ಲ ಕಡೆಯಿಂದ ಫೋಟೋ ತೆಗೆಯಿರಿ. ನಮ್ಮ ಕರಾವಳಿಯಲ್ಲಿ ಹಂಚು, ಅಕ್ಕಿ, ತೆಂಗು ಸಾಗಿಸುತ್ತಿದ್ದ ಮಂಜಿ ಎಂಬ ಹಾಯಿದೋಣಿಗಳು ಎಷ್ಟೋ ಓಡಾಡಿವೆ. ಕಬ್ಬಿಣದ ಜೊತೆ ಒಂದು ಮಂಗಳೂರು ಹಂಚಿನ ಚೂರು ಬಂದರೆ ಅದು ಹೇಳುವ ಕಥೆ ದೊಡ್ಡದು. ಆ ಚೂರನ್ನು ಕಡಲಿಗೆ ಎಸೆಯಬೇಡಿ.

ತಿಳಿಸಬೇಕಾದವರಿಗೆ ತಿಳಿಸಿ

ಇದು ಬಿಡುವ ಹಾಗಿಲ್ಲ. 1972ರ ಪುರಾತನ ವಸ್ತು ಕಾಯ್ದೆಯ ಪ್ರಕಾರ 100 ವರ್ಷಕ್ಕಿಂತ ಹಳೆಯ ವಸ್ತುವನ್ನು ಲೈಸೆನ್ಸ್ ಇಲ್ಲದೆ ಮಾರುವ ವ್ಯಾಪಾರ ಮಾಡುವಂತಿಲ್ಲ, ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ. ಹಡಗಿನ ಅವಶೇಷಕ್ಕೆ ಬೇರೆಯೇ ಕಾನೂನು ಇದೆ, ಸಿಕ್ಕಿದವರು ಅಧಿಕಾರಿಗೆ ತಿಳಿಸಲೇಬೇಕು. ವಿಲ್ಲೇಜ್ ಆಫೀಸಿಗೂ ಕರಾವಳಿ ಪೊಲೀಸರಿಗೂ ಬರಹದಲ್ಲಿ ಕೊಡಿ, ರಾಜ್ಯ ಪುರಾತತ್ವ ಇಲಾಖೆಗೆ ಒಂದು ಪ್ರತಿ ಕಳಿಸಿ. ಗೋವಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯಲ್ಲಿ ಕಡಲ ಪುರಾತತ್ವ ಬಲ್ಲವರಿದ್ದಾರೆ, ಭಾರತೀಯ ಪುರಾತತ್ವ ಇಲಾಖೆಗೆ 2001ರಿಂದ ನೀರಿನಡಿಯ ವಿಭಾಗವೂ ಇದೆ.

ಫಿರಂಗಿ, ಕತ್ತಿ, ದೊಡ್ಡ ಲಂಗರು, ಬರಹ ಇರುವ ವಸ್ತು ಇಂಥದ್ದಾದರೆ ನಿಮ್ಮ ಕೆಲಸ ಅದನ್ನು ಒದ್ದೆಯಾಗಿ ಕಾಪಾಡಿ ಅವರ ಕೈಗೆ ಕೊಡುವುದು, ಅಷ್ಟೇ. ಗಡ್ಡೆ ಬಿಡಿಸುವುದು, ಉಪ್ಪು ತೆಗೆಯುವುದು ಇವನ್ನೆಲ್ಲ ನೀವೇ ಮಾಡಲು ಹೋಗಬೇಡಿ. ಆದರೆ ಪತ್ರಕ್ಕೆ ಉತ್ತರ ಬರಲು ತಿಂಗಳುಗಟ್ಟಲೆ ಆಗಬಹುದು, ಅಲ್ವಾ? ಆ ತಿಂಗಳುಗಳಲ್ಲೇ ವಸ್ತು ಸಾಯುವುದು. ಹಾಗಾಗಿ ಡ್ರಮ್ಮಿನಲ್ಲಿ ಮುಳುಗಿಸಿ ಇಡುವ ಮುಂದಿನ ಹಂತವನ್ನು ಎಲ್ಲರೂ ತಿಳಿದಿರಬೇಕು. ಅದರ ನಂತರದ್ದು, ಒಪ್ಪಿಗೆ ಸಿಕ್ಕಿದ ಸಣ್ಣ ವಸ್ತುಗಳನ್ನು ಶಾಲೆಯಲ್ಲೋ ಊರಿನ ಸಂಗ್ರಹಾಲಯದಲ್ಲೋ ಉಳಿಸಿಕೊಳ್ಳುವವರಿಗೆ.

ಡ್ರಮ್ಮಿನಲ್ಲಿ ಮುಳುಗಿಸಿ ಇಡುವುದು

ಮುಚ್ಚಳ ಇರುವ ನೀಲಿ ಪ್ಲಾಸ್ಟಿಕ್ ಡ್ರಮ್ ಸಾಕು. ಅಲ್ಯೂಮಿನಿಯಂ ಪಾತ್ರೆ ಬೇಡ, ಸೋಡಾ ದ್ರಾವಣ ಅದನ್ನು ತಿನ್ನುತ್ತದೆ. ತಾಮ್ರ, ಹಿತ್ತಾಳೆಯ ವಸ್ತುಗಳನ್ನು ಕಬ್ಬಿಣದ ಜೊತೆ ಒಂದೇ ಡ್ರಮ್ಮಿಗೆ ಹಾಕಬೇಡಿ, ಕಬ್ಬಿಣ ಬೇಗ ಹಾಳಾಗುತ್ತದೆ.

ಮೊದಲ ದಿನ ಕಡಲ ನೀರೇ ಇರಲಿ. ಆಮೇಲೆ ಸಿಹಿನೀರಿಗೆ ವಾಷಿಂಗ್ ಸೋಡಾ ಹಾಕಿ ಅದರಲ್ಲಿ ಇಡಿ. ಬರೀ ಸಿಹಿನೀರು ಸಾಲದು, ಅದರಲ್ಲಿ ಕಬ್ಬಿಣ ತುಕ್ಕು ಹಿಡಿಯುತ್ತಲೇ ಇರುತ್ತದೆ. ಕ್ಷಾರದ ನೀರಿನಲ್ಲಿ ತುಕ್ಕು ತಡೆಯುತ್ತದೆ, ಕ್ಲೋರೈಡ್ ಕೂಡ ಸಡಿಲವಾಗಿ ಹೊರಗೆ ಬರುತ್ತದೆ.

ಅಳತೆಯಲ್ಲಿ ತುಂಬ ಜನ ತಪ್ಪುವುದು ಇಲ್ಲೇ. ನೂರಕ್ಕೆ ಐದರ ದ್ರಾವಣ ಬೇಕು. ಪುಡಿಯಾಗಿ ಸಿಗುವ ಸೋಡಾ ಆಶ್ ಆದರೆ ಲೀಟರಿಗೆ 50 ಗ್ರಾಂ. ಕಲ್ಲುಸಕ್ಕರೆಯಂತೆ ಹರಳಾಗಿರುವ ವಾಷಿಂಗ್ ಸೋಡಾ ಆದರೆ ಅದರ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ನೀರೇ ಇರುತ್ತದೆ, ಅದನ್ನು ಲೀಟರಿಗೆ 135 ಗ್ರಾಂ ಹಾಕಬೇಕು. ಅಡುಗೆ ಸೋಡಾ ಬೇರೆ, ಅದು ಆಗುವುದಿಲ್ಲ. ಬಟ್ಟೆ ಒಗೆಯುವ ಪೌಡರ್ ಕೂಡ ಆಗುವುದಿಲ್ಲ.

ಪ್ರಯೋಗಾಲಯಗಳಲ್ಲಿ ಕಾಸ್ಟಿಕ್ ಸೋಡಾ ಬಳಸುತ್ತಾರೆ, ಲೀಟರಿಗೆ 20 ಗ್ರಾಂ. ಅದು ಇನ್ನೂ ಚೆನ್ನಾಗಿ ಉಪ್ಪು ಎಳೆಯುತ್ತದೆ. ಆದರೆ ಕಣ್ಣಿಗೆ ಒಂದು ಹನಿ ಸಿಡಿದರೆ ದೃಷ್ಟಿ ಹೋಗಬಹುದು. ಮಕ್ಕಳು ಓಡಾಡುವ ಮನೆಗೆ, ಶಾಲೆಗೆ ನಾನು ಅದನ್ನು ಹೇಳುವುದಿಲ್ಲ. ಬಳಸಲೇಬೇಕೆಂದರೆ ಕನ್ನಡಕ, ಗ್ಲೌಸ್ ಇರಲಿ. ನೀರಿಗೆ ಸೋಡಾವನ್ನು ಸ್ವಲ್ಪ ಸ್ವಲ್ಪವಾಗಿ ಹಾಕಬೇಕು, ಸೋಡಾದ ಮೇಲೆ ನೀರು ಸುರಿಯಬಾರದು. ಬಿಸಿಯಾಗಿ ಸಿಡಿಯುತ್ತದೆ.

ನೀರಿನ ವಿಷಯ. ಕಡಲ ಪಕ್ಕದ ಬಾವಿಯ ನೀರಿನಲ್ಲಿ ಮೇ ತಿಂಗಳಲ್ಲಿ ಉಪ್ಪು ಏರುತ್ತದೆ. ಉಪ್ಪು ತೆಗೆಯಲು ಉಪ್ಪು ನೀರು ಹಾಕಿ ಏನು ಪ್ರಯೋಜನ? ನಮ್ಮ ಪುಣ್ಯಕ್ಕೆ ಕಾಸರಗೋಡಿನಲ್ಲಿ ಮಳೆಗೆ ಬರ ಇಲ್ಲ. ಮೊದಲ ಎರಡು ಮಳೆಗೆ ಮನೆಯ ಮಾಡು ತೊಳೆದು ಹೋಗಲಿ, ಆಮೇಲೆ ಬೀಳುವ ನೀರನ್ನು ಡ್ರಮ್ಮಿನಲ್ಲಿ ತುಂಬಿಟ್ಟುಕೊಳ್ಳಿ. ಕಡಲಿನಿಂದ ದೂರದ ಎಣ್ಮಕಜೆ, ಬಾಯಾರು ಕಡೆಯವರಾದರೆ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ನೀರೂ ಆಗುತ್ತದೆ. ಕೊನೆಯ ಹಂತಗಳಿಗೆ ಮಾತ್ರ ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್ ತನ್ನಿ.

ಒಳಗೆ ಎಷ್ಟು ಲೋಹ ಉಳಿದಿದೆ

ಗಡ್ಡೆ ಒಡೆಯುವ ಮೊದಲು ಇದನ್ನು ತಿಳಿಯಬೇಕು. ಎಕ್ಸ್‌ರೇ ತೆಗೆಸಲು ಸಾಧ್ಯವಾದರೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಇಲ್ಲದಿದ್ದರೆ ಆಯಸ್ಕಾಂತ ಮತ್ತು ತಕ್ಕಡಿ.

ಮೀನು ಮಾರುವವರ ಬಳಿ ಇರುವ ತೂಗುಹಾಕುವ ಡಿಜಿಟಲ್ ತಕ್ಕಡಿ ತನ್ನಿ. ವಸ್ತುವನ್ನು ನೈಲಾನ್ ಹಗ್ಗದಲ್ಲಿ ಕಟ್ಟಿ ಒಮ್ಮೆ ಗಾಳಿಯಲ್ಲಿ, ಒಮ್ಮೆ ಸಿಹಿನೀರಿನಲ್ಲಿ ಪೂರ್ತಿ ಮುಳುಗಿಸಿ ತೂಗಿ. ಅವತ್ತು ಬೋಟಿನ ಬಲೆಗೆ ಸಿಕ್ಕಿದ ನಮ್ಮ ಗಡ್ಡೆ ಗಾಳಿಯಲ್ಲಿ 4.2 ಕಿಲೋ, ನೀರಿನಲ್ಲಿ 3.1 ಕಿಲೋ ಬಂತು. ಕಡಿಮೆಯಾದ 1.1 ಕಿಲೋ ಅಂದರೆ ಅದರ ಗಾತ್ರ 1.1 ಲೀಟರ್. 4.2ನ್ನು 1.1ರಿಂದ ಭಾಗಿಸಿದರೆ 3.8. ಗಟ್ಟಿ ಕಬ್ಬಿಣಕ್ಕೆ ಈ ಸಂಖ್ಯೆ 7ಕ್ಕಿಂತ ಮೇಲೆ, ಬರೀ ಸುಣ್ಣದ ಕಲ್ಲಿಗೆ 2.7ರ ಹತ್ತಿರ. ಆದ್ದರಿಂದ ನಮ್ಮ ಗಡ್ಡೆಯೊಳಗೆ ಲೋಹ ಇದೆ, ಆದರೆ ಅರ್ಧಕ್ಕಿಂತ ಕಡಿಮೆ ಎಂದು ಅಂದಾಜಿಸಿದೆವು. ಒಂಬತ್ತನೇ ತರಗತಿಯ ಆರ್ಕಿಮಿಡೀಸ್ ಪಾಠ ಇಷ್ಟು ಉಪಯೋಗಕ್ಕೆ ಬಂದದ್ದನ್ನು ಕಂಡು ಮಕ್ಕಳು ಅವತ್ತು ಮನೆಗೆ ಹೋಗಲು ಒಪ್ಪಲಿಲ್ಲ.

ಕೆಲವೊಮ್ಮೆ ಸಂಖ್ಯೆ ತೀರಾ ಕಡಿಮೆ ಬರುತ್ತದೆ, ಆಯಸ್ಕಾಂತವೂ ಎಳೆಯುವುದಿಲ್ಲ. ಆಗ ಕಬ್ಬಿಣ ಪೂರ್ತಿ ಕರಗಿ, ಗಡ್ಡೆಯೊಳಗೆ ವಸ್ತುವಿನ ಆಕಾರದ ಟೊಳ್ಳು ಮಾತ್ರ ಉಳಿದಿದೆ ಎಂದರ್ಥ. ಅದೂ ಬೆಲೆಬಾಳುವುದೇ. ತಿಳಿದವರು ಆ ಟೊಳ್ಳಿಗೆ ಎಪಾಕ್ಸಿ ಎಂಬ ಗಟ್ಟಿಯಾಗುವ ಅಂಟು ತುಂಬಿ ಮೂಲ ವಸ್ತುವಿನ ಅಚ್ಚು ತೆಗೆಯುತ್ತಾರೆ. ಅದನ್ನು ಒಡೆಯಬೇಡಿ.

ಗಡ್ಡೆ ಬಿಡಿಸುವುದು

ಸಣ್ಣ ಉಳಿ, ಸಣ್ಣ ಸುತ್ತಿಗೆ, ಹಳೆಯ ಹಲ್ಲುಜ್ಜುವ ಬ್ರಷ್ಷು, ಬಿದಿರಿನ ಕಡ್ಡಿ. ಇಷ್ಟೇ ಸಲಕರಣೆ. ಮರಳು ತುಂಬಿದ ಚೀಲದ ಮೇಲೆ ವಸ್ತುವನ್ನು ಕೂರಿಸಿ. ಪಕ್ಕದಲ್ಲೊಬ್ಬರು ನೀರು ಚಿಮುಕಿಸುತ್ತಾ ಇರಲಿ. ಕನ್ನಡಕ ಬೇಕು, ಚೂರು ಹಾರುತ್ತದೆ.

ಮೆಲ್ಲಗೆ ತಟ್ಟುತ್ತಾ ಸದ್ದು ಕೇಳಿ. ಗಡ್ಡೆ ಲೋಹಕ್ಕೆ ಅಂಟಿರುವ ಕಡೆ ಟಕ್ ಎನ್ನುತ್ತದೆ, ನಡುವೆ ಸಂದು ಇರುವ ಕಡೆ ಟೊಳ್ಳು ಸದ್ದು. ಆ ಸಂದಿನಲ್ಲಿ ಉಳಿ ಕೊಟ್ಟರೆ ಹಲಸಿನ ಸಿಪ್ಪೆಯಂತೆ ಒಂದು ತುಂಡು ಎದ್ದು ಬರುತ್ತದೆ. ನಮ್ಮ ಗಡ್ಡೆಯಲ್ಲಿ ಹಾಗೆ ಎದ್ದ ಮೊದಲ ತುಂಡಿನ ಒಳಮೈಯಲ್ಲಿ ಹಗ್ಗದ ಅಚ್ಚು ಇತ್ತು. ಮೂರು ಎಳೆ, ಬಲಕ್ಕೆ ಹೊಸೆದದ್ದು, ಎಳೆಗಳ ನಡುವಿನ ಗೆರೆ ಕೂಡ ಸ್ಪಷ್ಟ. ಹಗ್ಗ ಕೊಳೆತು ಎಷ್ಟೋ ಕಾಲವಾಗಿತ್ತು, ಅದರ ಗುರುತನ್ನು ಸುಣ್ಣ ಹಿಡಿದಿಟ್ಟಿತ್ತು. ಅದರ ಕೆಳಗೆ ಅಂಗೈ ಅಗಲದ ಒಂದು ಕಬ್ಬಿಣದ ಬಳೆ, ಲಂಗರಿನ ತಲೆಗೆ ಹಾಕುವಂಥದ್ದು. ಅದರ ಮೈಯಲ್ಲಿ ಮರದ ನಾರಿನಂಥ ಉದ್ದುದ್ದ ಗೆರೆಗಳು. ಕುಲುಮೆಯಲ್ಲಿ ಬಡಿದು ಮಾಡಿದ ಕಬ್ಬಿಣಕ್ಕೆ ಮಾತ್ರ ಈ ನಾರು ಇರುತ್ತದೆ, ಬೀಡಿಗೆ ಇರುವುದಿಲ್ಲ. ಯಾವುದೋ ಆಚಾರಿಯ ಕೈಕೆಲಸ. ನಾನು ಉಜ್ಜಿ ಹಾಳುಮಾಡಿದ ಆ ಗುಂಡಿನ ಹೊದಿಕೆಯಲ್ಲಿ ಏನೇನು ಇತ್ತೋ ಎಂದು ಅವತ್ತು ತುಂಬ ಸಂಕಟವಾಯಿತು. ಆದ್ದರಿಂದ ಪ್ರತಿ ತುಂಡಿನ ಒಳಮೈಯನ್ನೂ ನೋಡಿ, ಫೋಟೋ ತೆಗೆದು, ಆಮೇಲೆ ಮುಂದಿನ ಪೆಟ್ಟು.

ದಿನಕ್ಕೆ ಅರ್ಧ ಗಂಟೆ ಸಾಕು. ಕೆಲಸ ಮುಗಿದ ತಕ್ಷಣ ಮತ್ತೆ ಡ್ರಮ್ಮಿಗೆ.

ಇಲ್ಲಿ ಯಾರಾದರೂ ಉಪಾಯ ಹೇಳುತ್ತಾರೆ. ಹುಣಸೆಹುಳಿ, ಲಿಂಬೆರಸ, ಬಿಂಪುಳಿ ಹಾಕಿ ನೆನೆಸಿ ಎನ್ನುತ್ತಾರೆ. ಹುಳಿ ಸುಣ್ಣವನ್ನು ಕರಗಿಸುತ್ತದೆ ನಿಜ, ಅದರ ಜೊತೆ ಕಬ್ಬಿಣವನ್ನೂ ಕರಗಿಸುತ್ತದೆ. ಬೆಂಕಿಯಲ್ಲಿ ಕಾಯಿಸಿ ಬಡಿ ಎನ್ನುತ್ತಾರೆ. ಗ್ರೈಂಡರ್ ಹಿಡಿ ಎನ್ನುತ್ತಾರೆ. ವಸ್ತುವಿನ ಮೂಲ ಮೈ ಅನೇಕ ಸಲ ತುಕ್ಕಿನ ಪದರದಲ್ಲೇ ಉಳಿದಿರುತ್ತದೆ. ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿದರೆ ಆ ಮೈ ಹೋಯಿತು. ಈ ಮೂರನ್ನೂ ಮಾಡಬೇಡಿ.

ಉಪ್ಪು ತೆಗೆಯುವುದು: ತಿಂಗಳುಗಳ ಕೆಲಸ

ಗಡ್ಡೆ ಬಿಡಿಸಿದ ವಸ್ತುವನ್ನು ಹೊಸ ಸೋಡಾ ದ್ರಾವಣದಲ್ಲಿ ಮುಳುಗಿಸಿ. ದ್ರಾವಣ ವಸ್ತುವಿನ ಹತ್ತು ಪಟ್ಟಾದರೂ ಇರಲಿ. ಉಪ್ಪು ನಿಧಾನವಾಗಿ ನೀರಿಗೆ ಇಳಿಯುತ್ತದೆ. ಒಂದು ಹಂತದಲ್ಲಿ ಇಳಿಯುವುದು ನಿಲ್ಲುತ್ತದೆ. ಆಗ ನೀರು ಬದಲಿಸಿದರೆ ಮತ್ತೆ ಇಳಿಯಲು ಶುರು.

ಇಳಿಯುತ್ತಿದೆಯೋ ಇಲ್ಲವೋ ಎಂದು ಸುಮ್ನೆ ಊಹಿಸಬೇಡಿ, ಪರೀಕ್ಷೆ ಮಾಡಿ. ಕಾಲೇಜಿನ ರಸಾಯನ ಪ್ರಯೋಗಾಲಯದವರು ಐದು ನಿಮಿಷದಲ್ಲಿ ಮಾಡಿಕೊಡುತ್ತಾರೆ. ಪ್ರನಾಳದಲ್ಲಿ ಡ್ರಮ್ಮಿನ ನೀರು ಸ್ವಲ್ಪ ತೆಗೆದುಕೊಂಡು ದುರ್ಬಲ ನೈಟ್ರಿಕ್ ಆಮ್ಲ ಹಾಕಬೇಕು. ಸೋಡಾ ಇರುವುದರಿಂದ ನೊರೆ ಏಳುತ್ತದೆ, ನೊರೆ ನಿಲ್ಲುವವರೆಗೆ ಹನಿ ಹನಿಯಾಗಿ ಹಾಕಿ, ಆಮೇಲೆ ಇನ್ನೂ ಎರಡು ಹನಿ. ಈಗ ಸಿಲ್ವರ್ ನೈಟ್ರೇಟ್ ಎರಡು ಮೂರು ಹನಿ. ಕ್ಲೋರೈಡ್ ಇದ್ದರೆ ನೀರು ಹಾಲಿನಂತೆ ಬೆಳ್ಳಗಾಗುತ್ತದೆ. ಕಡಿಮೆ ಇದ್ದರೆ ಅಕ್ಕಿ ತೊಳೆದ ನೀರಿನ ಹಾಗೆ, ಇನ್ನೂ ಕಡಿಮೆಯಾದರೆ ಕಪ್ಪು ಬಟ್ಟೆಯ ಮುಂದೆ ಹಿಡಿದರಷ್ಟೇ ಕಾಣುವ ಮಬ್ಬು.

ಒಂದು ಮುಖ್ಯ ಮಾತು. ಅಂಗಡಿಯ ಸೋಡಾದಲ್ಲೇ ಸ್ವಲ್ಪ ಉಪ್ಪು ಇರುತ್ತದೆ. ಆದ್ದರಿಂದ ವಸ್ತು ಹಾಕದ ಹೊಸ ದ್ರಾವಣವನ್ನೂ ಪಕ್ಕದಲ್ಲಿಟ್ಟು ಇದೇ ಪರೀಕ್ಷೆ ಮಾಡಿ. ಅದರ ಮಬ್ಬಿಗಿಂತ ಜಾಸ್ತಿ ಬಂದದ್ದು ಮಾತ್ರ ನಿಮ್ಮ ವಸ್ತುವಿನಿಂದ ಬಂದದ್ದು. ಇದನ್ನು ಮಾಡದೆ ನಾವು ಎರಡು ತಿಂಗಳು "ಇನ್ನೂ ಉಪ್ಪು ಬರ್ತಾ ಇದೆ" ಎಂದು ನೀರು ಬದಲಿಸುತ್ತಲೇ ಇದ್ದೆವು.

ಮೊದಲ ತಿಂಗಳು ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ ಪರೀಕ್ಷಿಸಿ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಸಣ್ಣ ಮೊಳೆಗೆ ಕೆಲವು ತಿಂಗಳು ಸಾಕಾಗಬಹುದು. ನಮ್ಮ ಬಳೆಗೆ 14 ತಿಂಗಳು ಹಿಡಿಯಿತು, ಒಂಬತ್ತು ಸಲ ನೀರು ಬದಲಿಸಿದೆವು. ಫಿರಂಗಿಯಂಥ ವಸ್ತುವಿಗೆ ವರ್ಷಗಳೇ ಬೇಕು. ಅಮೆರಿಕದ ಮಾನಿಟರ್ ಎಂಬ ಯುದ್ಧನೌಕೆಯ ಫಿರಂಗಿ ಗೋಪುರವನ್ನು 2002ರಲ್ಲಿ ಕಡಲಿನಿಂದ ಎತ್ತಿದರು. ಇಪ್ಪತ್ತು ವರ್ಷ ಕಳೆದ ಮೇಲೂ ಅದರ ಆರೈಕೆ ಮುಗಿದಿರಲಿಲ್ಲ. 1864ರಲ್ಲಿ ಮುಳುಗಿದ ಹನ್ಲಿ ಜಲಾಂತರ್ಗಾಮಿಯನ್ನು 2000ದಲ್ಲಿ ಎತ್ತಿದರೂ ಕಾಸ್ಟಿಕ್ ಸೋಡಾ ದ್ರಾವಣಕ್ಕೆ ಇಳಿಸಿದ್ದು 2014ರಲ್ಲಿ. ಅಷ್ಟು ಹಣ, ಅಷ್ಟು ಜನ ಇರುವವರೂ ಕಾಯುತ್ತಾರೆ. ನಾವು ಅವಸರ ಮಾಡಬಾರದು.

ಹಳೆಯ ದ್ರಾವಣವನ್ನು ಬಾವಿಕಟ್ಟೆಯ ಹತ್ತಿರವೋ ಅಡಿಕೆ ಬುಡಕ್ಕೋ ಚೆಲ್ಲಬೇಡಿ. ಜಾಸ್ತಿ ನೀರು ಬೆರೆಸಿ, ವಿನೆಗರ್ ಹಾಕಿ ಕ್ಷಾರ ಇಳಿಸಿ, ಪಿಎಚ್ ಕಾಗದದಲ್ಲಿ ನೋಡಿ ಆಮೇಲೆ ಚರಂಡಿಗೆ ಬಿಡಿ.

ವಿದ್ಯುತ್ ಕೊಟ್ಟು ಉಪ್ಪು ತೆಗೆಯಬಹುದಾ?

ಆಗುತ್ತದೆ, ಬೇಗವೂ ಆಗುತ್ತದೆ. ಆದರೆ ಒಳಗೆ ಗಟ್ಟಿ ಲೋಹ ಇರುವ ವಸ್ತುವಿಗೆ ಮಾತ್ರ. ಗ್ರಾಫೈಟ್ ಮಾತ್ರ ಉಳಿದ ಬೀಡಿಗೆ ಕೊಟ್ಟರೆ ಏಳುವ ಗುಳ್ಳೆಗಳಿಂದ ಮೇಲ್ಮೈ ಕಳಚಿ ಬೀಳುತ್ತದೆ.

ವಸ್ತುವನ್ನು ಡಿಸಿ ವಿದ್ಯುತ್ತಿನ ಋಣ ತುದಿಗೆ, ಸಾದಾ ಸ್ಟೀಲ್ ತಗಡನ್ನು ಧನ ತುದಿಗೆ ಜೋಡಿಸಬೇಕು. ತಿರುವುಮುರುವಾದರೆ ವಸ್ತುವೇ ಕರಗುತ್ತದೆ, ಎರಡು ಸಲ ನೋಡಿ ಸ್ವಿಚ್ ಹಾಕಿ. ಸ್ಟೇನ್‌ಲೆಸ್ ಸ್ಟೀಲ್ ಬಳಸಬೇಡಿ, ಅದರ ಕ್ರೋಮಿಯಂ ವಿಷವಾಗಿ ನೀರಿಗೆ ಬರುತ್ತದೆ. ದ್ರಾವಣ ಅದೇ ವಾಷಿಂಗ್ ಸೋಡಾ. ಅಡುಗೆ ಉಪ್ಪು ಹಾಕಿದರೆ ಕ್ಲೋರಿನ್ ಅನಿಲ ಏಳುತ್ತದೆ, ಜೊತೆಗೆ ನಾವು ತೆಗೆಯಲು ಹೊರಟದ್ದನ್ನೇ ಸೇರಿಸಿದ ಹಾಗಾಯಿತು. ಮೈಯ 100 ಚದರ ಸೆಂಟಿಮೀಟರಿಗೆ 0.1 ಆಂಪಿಯರ್‌ನಿಂದ ಶುರುಮಾಡಿ. ನಮ್ಮ ಬಳೆಗೆ 300 ಚದರ ಸೆಂಟಿಮೀಟರ್ ಲೆಕ್ಕದಲ್ಲಿ 0.3 ಆಂಪಿಯರ್. ಗುಳ್ಳೆ ಸಣ್ಣಗೆ ಏಳಬೇಕು, ಕುದಿಯುವ ಹಾಗೆ ಅಲ್ಲ. ಆ ಗುಳ್ಳೆ ಹೈಡ್ರೋಜನ್, ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ. ತೆರೆದ ಜಗಲಿಯಲ್ಲಿ ಇಡಿ, ಮುಚ್ಚಳ ಬಿಗಿಯಾಗಿ ಹಾಕಬೇಡಿ, ಹತ್ತಿರ ಬೀಡಿ ಸೇದಬಾರದು. ಗುಡುಗು ಮಳೆಯ ಹೊತ್ತಿಗೆ ಪ್ಲಗ್ ಕಿತ್ತುಬಿಡಿ.

ನಾವು ಕೊನೆಯ ಮೂರು ತಿಂಗಳು ಮಾತ್ರ ಹೀಗೆ ಮಾಡಿದೆವು, ಗೊತ್ತಿರುವ ಎಲೆಕ್ಟ್ರಿಷಿಯನ್ ಜೊತೆಗಿದ್ದರು. ಅಂಥವರು ಇಲ್ಲದಿದ್ದರೆ ಬರೀ ನೆನೆಸುವುದೇ ಒಳ್ಳೆಯದು. ತಡವಾಗುತ್ತದೆ ಅಷ್ಟೇ, ವಸ್ತುವಿಗೆ ಏನೂ ಆಗುವುದಿಲ್ಲ.

ತೊಳೆದು, ಒಣಗಿಸಿ, ಕಪ್ಪು ಮಾಡುವುದು

ಉಪ್ಪು ಬರುವುದು ನಿಂತ ಮೇಲೆ ಸೋಡಾ ತೆಗೆಯಬೇಕು. ಮಳೆನೀರಿನಲ್ಲಿ, ಕೊನೆಗೆ ಡಿಸ್ಟಿಲ್ಡ್ ವಾಟರ್‌ನಲ್ಲಿ ಕೆಲವು ಸಲ ತೊಳೆಯಿರಿ. ಇಲ್ಲಿ ಮಾತ್ರ ಬೇಗ ಬೇಗ ಕೆಲಸ ಆಗಬೇಕು. ನೀರಿನಿಂದ ತೆಗೆದ ಕೂಡಲೇ ಬಟ್ಟೆಯಲ್ಲಿ ಒತ್ತಿ, ಅಸಿಟೋನ್‌ನಲ್ಲಿ ಮುಳುಗಿಸಿ ತೆಗೆಯಿರಿ. ಅಸಿಟೋನ್ ನೀರನ್ನು ಎಳೆದುಕೊಂಡು ಹಾರಿಹೋಗುತ್ತದೆ. ಒಲೆ, ದೀಪ, ಊದುಬತ್ತಿ ಯಾವುದೂ ಆ ಕೋಣೆಯಲ್ಲಿ ಇರಬಾರದು. ಈ ಕೆಲಸಕ್ಕೆ ಜನವರಿ, ಫೆಬ್ರವರಿಯ ಒಣ ಹವೆ ಆರಿಸಿಕೊಳ್ಳಿ, ಮಳೆ ಜೋರಾಗಿರುವ ಆಟಿ ತಿಂಗಳಲ್ಲಿ ಬೇಡವೇ ಬೇಡ.

ಆಮೇಲೆ ಟ್ಯಾನಿಕ್ ಆಮ್ಲ, ನೂರಕ್ಕೆ ಮೂರರ ದ್ರಾವಣ, ಡಿಸ್ಟಿಲ್ಡ್ ವಾಟರ್‌ನಲ್ಲಿ. ಬ್ರಷ್ಷಿನಿಂದ ತೆಳುವಾಗಿ ಹಚ್ಚಿ ಒಣಗಲು ಬಿಡಿ. ಹಚ್ಚಿದ ಹೊತ್ತಿಗೆ ಕಂದು ಬಣ್ಣ. ನೋಡುತ್ತಿದ್ದ ಹಾಗೇ ಅಂಚಿನಿಂದ ನೀಲಿಗಪ್ಪು ಹರಡುತ್ತದೆ. ಹಿಂದೆ ಅಣಲೆಕಾಯಿಗೆ ಕಬ್ಬಿಣದ ಅಂಶ ಸೇರಿಸಿ ಬರೆಯುವ ಮಸಿ ಮಾಡುತ್ತಿದ್ದರಲ್ಲ, ಅದೇ ಕ್ರಿಯೆ ಇದು. ಮೂರು ನಾಲ್ಕು ಸಲ ಹಚ್ಚಿದರೆ ಬಣ್ಣ ಒಂದೇ ಸಮ ಬರುತ್ತದೆ. ಮಲೆನಾಡಿನ ಅಡಿಕೆ ಚೊಗರು (ಅಡಿಕೆ ಬೇಯಿಸಿದ ಕೆಂಪು ನೀರು) ಹಚ್ಚಬಹುದಾ ಎಂದು ಒಬ್ಬರು ಕೇಳಿದರು. ಚೊಗರಿನಲ್ಲೂ ಟ್ಯಾನಿನ್ ಇದೆ, ಆದರೆ ಅದರ ಜೊತೆ ಬೇರೆ ಏನೆಲ್ಲ ಇದೆಯೋ ಅದು ಮುಂದೆ ತೊಂದರೆ ಕೊಡಬಹುದು. ಮನೆಯ ಕತ್ತಿಯ ಮೇಲೆ ಪ್ರಯೋಗ ಮಾಡಿ ನೋಡಿ, ಹಳೆಯ ವಸ್ತುವಿನ ಮೇಲೆ ಬೇಡ.

ಕೊನೆಗೆ ಮೇಣ. ಮೈಕ್ರೋಕ್ರಿಸ್ಟಲೈನ್ ಮೇಣ ಎಂದು ಕೇಳಿ ತರಿಸಿ. ದೊಡ್ಡ ಪ್ರಯೋಗಾಲಯಗಳಲ್ಲಿ ಕರಗಿದ ಮೇಣದಲ್ಲೇ ವಸ್ತುವನ್ನು ಮುಳುಗಿಸುತ್ತಾರೆ. ಮನೆಯಲ್ಲಿ ಕುದಿಯುವ ಮೇಣದ ಸಾಹಸ ಬೇಡ. ವಸ್ತುವನ್ನು ಹೇರ್ ಡ್ರೈಯರಿನಿಂದ ಬೆಚ್ಚಗೆ ಮಾಡಿ, ಬ್ರಷ್ಷಿನಲ್ಲಿ ಹಚ್ಚಿ, ಸಂದುಗಳಿಗೆ ಇಳಿಯಲು ಬಿಟ್ಟು, ಹತ್ತಿಬಟ್ಟೆಯಲ್ಲಿ ಒರೆಸಿ. ತೆಂಗಿನೆಣ್ಣೆ, ಮೀನೆಣ್ಣೆ, ಗೇರೆಣ್ಣೆ, ಇಂಜಿನ್ ಆಯಿಲ್ ಯಾವುದೂ ಬೇಡ. ಎಣ್ಣೆ ಕಾಲಕ್ರಮದಲ್ಲಿ ಹಳಸಿ ಹುಳಿಯಾಗುತ್ತದೆ, ಧೂಳು ಹಿಡಿಯುತ್ತದೆ. ರೆಡ್ ಆಕ್ಸೈಡ್ ಪೇಂಟ್ ಗೇಟಿಗೆ ಇರಲಿ.

ಎಲ್ಲಿಡುವುದು

ಮೇಣ ಹಚ್ಚಿದರೆ ಮುಗಿಯಿತು ಎಂದುಕೊಳ್ಳಬೇಡಿ. ನಮ್ಮಲ್ಲಿ ಮಳೆಗಾಲದ ಗಾಳಿಯ ತೇವ ನೂರಕ್ಕೆ 90 ದಾಟುತ್ತದೆ, ಕಡಲ ಗಾಳಿಯಲ್ಲಿ ಉಪ್ಪೂ ಇರುತ್ತದೆ. ದಡದ ಮನೆಗಳ ಕಿಟಕಿ ಸರಳು ಎಷ್ಟು ಬೇಗ ತುಕ್ಕು ಹಿಡಿಯುತ್ತದೆ ಎಂದು ನೋಡಿದವರಿಗೆ ಹೇಳಬೇಕಿಲ್ಲ. ಬಿಗಿ ಮುಚ್ಚಳದ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ. ತೇವ ತೋರಿಸುವ ಸಣ್ಣ ಮೀಟರ್ ಒಳಗಿರಲಿ. ನೂರಕ್ಕೆ 40ರ ಕೆಳಗೆ ಇದ್ದರೆ ಸಮಾಧಾನ, 20ರ ಕೆಳಗೆ ಇಳಿಸಲು ಆದರೆ ಇನ್ನೂ ಒಳ್ಳೆಯದು. ಜೆಲ್‌ನ ಬಣ್ಣ ತಿರುಗಿದಾಗ ಅದನ್ನು ಹೊರತೆಗೆದು ಓವನ್‌ನಲ್ಲಿ ಸುಮಾರು 110 ಡಿಗ್ರಿಯಲ್ಲಿ ಒಣಗಿಸಿದರೆ ಮತ್ತೆ ಬಳಕೆಗೆ ಬರುತ್ತದೆ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ನೋಡಬೇಕು. ಡಬ್ಬಿಯಲ್ಲಿ ಹಸಿ ಮರದ ಹಲಗೆ ಇಡಬೇಡಿ, ಮರದಿಂದಲೂ ಆಮ್ಲದ ಆವಿ ಬರುತ್ತದೆ.

ನೋಡುವಾಗ ಬ್ಯಾಟರಿ ಬೆಳಕನ್ನು ಅಡ್ಡಲಾಗಿ ಬಿಡಿ. ಕಿತ್ತಳೆ ಹನಿ, ಹೊಸ ಬಿರುಕು, ಡಬ್ಬಿಯ ತಳದಲ್ಲಿ ಕೆಂಪು ಪುಡಿ, ಈ ಮೂರರಲ್ಲಿ ಒಂದು ಕಂಡರೂ ಒಳಗೆ ಇನ್ನೂ ಉಪ್ಪಿದೆ. ಮೇಣ ತೆಗೆದು ಮತ್ತೆ ಸೋಡಾ ನೀರಿಗೆ ಹಾಕಿ. ಬೇಸರ ಮಾಡಿಕೊಳ್ಳಬೇಡಿ, ಹಾಗಾಗುವುದು ಸಾಮಾನ್ಯ.

ಡಬ್ಬಿಯೊಳಗೆ ಒಂದು ಚೀಟಿ ಹಾಕಿ. ಎಲ್ಲಿ ಸಿಕ್ಕಿತು, ಯಾವ ದಿನ, ಯಾವ ಬಲೆಗೆ, ಯಾವ ದ್ರಾವಣದಲ್ಲಿ ಎಷ್ಟು ದಿನ ಇತ್ತು, ಯಾವ ಮೇಣ ಹಚ್ಚಿದ್ದು. ಪೆನ್ಸಿಲ್‌ನಲ್ಲೇ ಬರೆಯಿರಿ, ಶಾಯಿ ತೇವಕ್ಕೆ ಹರಡುತ್ತದೆ. ನಮ್ಮ ಬಳೆಯ ಡಬ್ಬಿಯ ಚೀಟಿಯನ್ನು ಆ ಬೋಟಿನ ಅಣ್ಣನ ಮಗಳು ಬರೆದಳು. ಪಕ್ಕದಲ್ಲೇ ಇನ್ನೊಂದು ಸಣ್ಣ ಡಬ್ಬಿಯಲ್ಲಿ ಹಗ್ಗದ ಅಚ್ಚು ಇರುವ ಸುಣ್ಣದ ತುಂಡು ಇದೆ. ಅದಕ್ಕೂ ಒಂದು ಚೀಟಿ.